ಹದಿಮೂರನೇ ಮೈಲಿ

ಬಾಣಾವರದ ಸ್ಟೇಷನ್ನಿನ ಗೂಡ್ಸ್ ಶೆಡ್ಡಿಗೆ ಬೆನ್ನು ಕೊಟ್ಟು
ಹೊರಡುತ್ತದೆ ನಮ್ಮ ರಸ್ತೆ.
ಹೆಸರಿಗೆ ಹೆದ್ದಾರಿ. ಉದ್ದ ನೋಡಿದರೆ
ಒಂದು ಎಲೆಯಡಿಕೆ ಮೆಲ್ಲುವುದರೊಳಗೆ ಜಾವಗಲ್ಲು,
ಉಗಿದು ಇನ್ನೊಂದು ಮಡಿಸುವುದರೊಳಗೆ ಹಳೇಬೀಡು.

ಈ ರಸ್ತೆಯ ಕಲ್ಲುಗಳಿಗೆ ಬಣ್ಣ ಬಳಿಯುವವನು ನಾನು, ಈರಾಚಾರಿ.
ತಲೆಗೆ ಹಸಿರು, ಮೈಗೆ ಬಿಳಿ, ಅಂಕಿಗೆ ಕಪ್ಪು.
ಕಲ್ಲಿಗೆ ಇಷ್ಟು ಅಂತ ಕೂಲಿ; ಬ್ರಷ್ಷು ನನ್ನದೇ.

ಚರಿತ್ರೆ ಕೇಳಿದರೆ, ನಮ್ಮಜ್ಜ ಹೇಳಿದ್ದು:
ಮೊದಲು ಬರೀ ಗಾಡಿಜಾಡು.
ಮೇಲಿನ ಸೀಮೆಯ ಕಾಫಿ ಮೂಟೆ ರೈಲಿಗೆ,
ರೈಲಿನ ಉಪ್ಪು, ಸೀಮೆಎಣ್ಣೆ ಮೇಲಕ್ಕೆ.
ಎತ್ತು ಹಟ ಹಿಡಿದಲ್ಲೆಲ್ಲ ಒಂದೊಂದು ತಿರುವು.
ಆಮೇಲೆ ಸರಪಳಿ ಹಿಡಿದು ಬಂದ ದೊರೆ
ಎತ್ತು ಬರೆದದ್ದನ್ನೇ ಕಾಗದಕ್ಕೆ ಇಳಿಸಿಕೊಂಡು
ಕೆಳಗೆ ತನ್ನ ರುಜು ಹಾಕಿದ.

ಯುದ್ಧದ ಕಾಲಕ್ಕೆ ಇದ್ದಿಲು ಬಸ್ಸು.
ಏರು ಬಂದರೆ ಗಂಡಸರು ಇಳಿದು ತಳ್ಳಬೇಕು.
ತಳ್ಳಿದವರಿಗೆ ಟಿಕೇಟಿನಲ್ಲಿ ಮುರಿದುಕೊಂಡರಾ? ಇಲ್ಲ.

ಡಾಂಬರು ಬಂದದ್ದು ನನಗೇ ನೆನಪಿದೆ.
ಸೇಲಂ ಕಡೆಯವರು, ಕಾಲಿಗೆ ಗೋಣಿ ಸುತ್ತಿಕೊಂಡು,
ಡ್ರಮ್ಮಿನ ಕೆಳಗೆ ಬೆಂಕಿ ಹಾಕಿ ಹಾಡಿಲ್ಲದೆ ದುಡಿದರು.
ಆ ಬೇಸಿಗೆ ಪೂರ್ತಿ
ನಮ್ಮ ಮುದ್ದೆಗೂ ಅದರದ್ದೇ ವಾಸನೆ.

ಎರಡೂ ಮಗ್ಗುಲಿಗೆ ಹುಣಸೆ ಸಾಲು.
ಎಡಕ್ಕೆ ಸಮ, ಬಲಕ್ಕೆ ಬೆಸ, ನಂಬರು ಬರೆದವನು ನಾನೇ.
ನೂರಾ ನಾಲ್ಕರ ಹಣ್ಣು ಬೆಲ್ಲದಂಥದ್ದು,
ನೂರಾ ಐದು ಬಾಯಿಗಿಟ್ಟರೆ ಕಣ್ಣು ಮುಚ್ಚುತ್ತದೆ.
ಹರಾಜಿನಲ್ಲಿ ಎರಡಕ್ಕೂ ಒಂದೇ ಕೂಗು.
ರಸ್ತೆ ಅಗಲವಾದ ವರ್ಷ
ಸಮಸಂಖ್ಯೆಗಳೆಲ್ಲ ಲಾರಿ ಹತ್ತಿದವು.
ಹುಳಿ ಉಳಿಯಿತು.

ಹೋದ ತಿಂಗಳು ಆರ್ಡರು:
ಹೆದ್ದಾರಿ ಇನ್ನು ಸ್ಟೇಷನ್ನಿನಿಂದ ಶುರುವಾಗುವುದಿಲ್ಲ,
ಆಚೆ ಸರ್ಕಲ್ಲಿನಿಂದ ಲೆಕ್ಕ. ಎಲ್ಲ ಕಲ್ಲಿಗೂ ಒಂದೊಂದು ಕಡಿಮೆ ಮಾಡು.
ರಸ್ತೆ ಒಂದು ಮೊಳವೂ ಅಲುಗಿಲ್ಲ,
ಊರೆಲ್ಲ ಒಂದು ಕಿಲೋಮೀಟರು ಹತ್ತಿರ ಬಂದವು.

ಕೆರೆಯುತ್ತ ಹೋದೆ. ಇಪ್ಪತ್ತೊಂದರ ಕಲ್ಲಿನಲ್ಲಿ
ಬಣ್ಣದ ಕೆಳಗೆ ಬಣ್ಣ, ಅದರ ಕೆಳಗೆ ಸುಣ್ಣ,
ಸುಣ್ಣದ ಕೆಳಗೆ ಉಳಿಯಲ್ಲಿ ಕೊರೆದ ೧೩.
ಮೂರರ ಬಾಲ ಕೊಂಚ ಉದ್ದ. ಅಜ್ಜನ ಕೈ.

ಮೈಲಿ ಹೋಗಿ ಅರವತ್ತು ವರ್ಷ. ಆದರೂ ಆ ಮೂವತ್ತು ಮನೆಗೆ
ಬೇರೆ ಹೆಸರು ಅಂಟಲಿಲ್ಲ.
ಲಗ್ನಪತ್ರಿಕೆಯಲ್ಲೂ ಹದಿಮೂರನೇ ಮೈಲಿ,
ಹಾಲಿನ ಡೈರಿ ಬೋರ್ಡಿನಲ್ಲೂ.

ಸಣ್ಣಮಲ್ಲಿ ಬಂದಳು. ಗ್ಯಾಂಗಿನಲ್ಲಿ ಜಲ್ಲಿ ಹೊತ್ತವಳು.
ಹೆರಿಗೆ ನೋವು ಎದ್ದಾಗ
ಇದೇ ಕಲ್ಲಿಗೆ ಒರಗಿದ್ದಳಂತೆ, ರೋಡ್ ರೋಲರು ಪಕ್ಕದಲ್ಲೇ ಗುರುಗುಡುತ್ತಿತ್ತಂತೆ.
ಮಗನ ಹೆಸರು ಮೈಲಾರಿ; ಕರೆಯುವುದು ಮೈಲಿ.
ಅವನ ಜನನಪತ್ರಕ್ಕೆ ಹೋದರೆ ಗುಮಾಸ್ತ ನಕ್ಕನಂತೆ:
"ಅಂಥ ಜಾಗವೇ ಇಲ್ಲವಲ್ಲಮ್ಮ."
"ಆಚಾರಿ, ಅಳಿಸಬ್ಯಾಡ," ಅಂದಳು.
ಅಳಿಸದಿದ್ದರೆ ನನ್ನ ಕೂಲಿ ಹೋಗುತ್ತದೆ ಅಂದೆ.
ಇಬ್ಬರೂ ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿದೆವು.

ಸಂಜೆಗೆ ಮೈಲಿ ಹಾರೆ ತಂದ.
ಕಲ್ಲು ಅಲುಗಾಡಿಸಿ, ಕಿತ್ತು,
ಅದೇ ಗುಂಡಿಗೆ ತಿರುಗಿಸಿ ನೆಟ್ಟೆವು.
ರಸ್ತೆಯ ಕಡೆಗೆ ಬೋಳು ಬೆನ್ನು: ಅಲ್ಲಿ ೨೦ ಬರೆದೆ,
ಇಂಜಿನಿಯರು ಜೀಪಿನಿಂದ ಇಳಿಯದೆ ಪಾಸು ಮಾಡಿದರು.
ಹೊಲದ ಕಡೆಗೆ ೧೩. ಅದಕ್ಕೆ ಬಣ್ಣ ಬಳಿಯಲಿಲ್ಲ,
ಎಳ್ಳೆಣ್ಣೆ ಒರೆಸಿದೆ, ಅಷ್ಟೆ.

ಬಿಲ್ಲಿನಲ್ಲಿ ಒಂದೇ ಮುಖದ ದುಡ್ಡು ಕೊಟ್ಟರು.